ತೊಳೆದಿಟ್ಟ ಶೂ

ಎಲ್ಡೊರೆಟ್ ಪೇಟೆಯಿಂದ ಓಟಗಾರರ ಊರು ಇಟೆನ್‌ಗೆ ಹೊರಟ ಮಟಾಟು ವ್ಯಾನು ಎಂದಿನಂತೆ ತುಂಬಿ ತುಳುಕುತ್ತಿತ್ತು. ಮೂಲೆಯಲ್ಲಿ ಮುದುರಿ ಕೂತಿದ್ದ ಬಿವೊಟ್ ಮೇಷ್ಟ್ರು ಕಣ್ಣು ಮುಚ್ಚಿದ್ದರು, ಕಿವಿ ಮುಚ್ಚಿರಲಿಲ್ಲ. ಮುಂದಿನ ಸೀಟಿನಲ್ಲಿ ಓಟಗಾರ್ತಿ ಜೆಲಗಟ್ ಮತ್ತು ಅವಳ ಸೋದರತ್ತೆ ತಬುತಾನಿ. ಹುಡುಗಿಯ ಕಾಲಲ್ಲಿ ಬೆಳ್ಳಗೆ ಹೊಳೆಯುವ ಹೊಸ ಶೂ.

“ಅತ್ತೆ, ಇದನ್ನ ತೊಳಿ ಅಂತ ನಿಂಗೆ ಯಾರು ಹೇಳಿದ್ರು?”

“ದಿನಾ ಸಂಜೆ ನಿನ್ನ ಶೂ ಉಜ್ಜೋಳು ಯಾರೇ? ಕೆಸರು ಕಾಣಿಸ್ತು, ಉಜ್ಜಿದೆ.”

“ಕೆಸರಲ್ಲ, ಬಣ್ಣ! ನಮ್ಮೂರ ಕೆಂಪು ಮಣ್ಣು ಮೆತ್ತಿದ ಹಾಗೆ ಕಾಣ್ಲಿ ಅಂತ ಅಂಗಡಿಯವರೇ ಬಳಿಸಿದ್ದು.”

“ಹೊಸಾ ಶೂಗೆ ಕೆಸರು ಬಳಿದು ಮಾರ್ತಾರಾ? ಥೂ, ನಾಚಿಕೆಗೆಟ್ಟೋರು!”

“ಓಡದೇ ಇರೋರೂ ಓಡಿ ಬಂದ ಹಾಗೆ ಕಾಣ್ಬೇಕಂತೆ. ಈಗ ಅದೇ ಫ್ಯಾಷನ್ನು. ಇವತ್ತು ಅಂಗಡಿಯವರ ಜಾಹೀರಾತಿಗೆ ನನ್ನ ಫೋಟೋ ತೆಗಿಬೇಕಿತ್ತು. ಶೂ ನೋಡಿದ್ದೇ, ಕೆಂಪು ಬಣ್ಣ ಹಾಗೇ ಮೆತ್ತಿದ್ದ ಶೂ ಹಾಕಿದ್ದ ಇನ್ನೊಬ್ಬಳನ್ನ ನಿಲ್ಲಿಸಿದ್ರು. ಅವಳು ಬಸ್ ಹಿಡಿಯೋಕೂ ಓಡಿದೋಳಲ್ಲ!”

“ಅಂದ್ರೆ ಓಡೋಳನ್ನ ಕಳಿಸಿ, ಕೆಸರನ್ನ ಇಟ್ಕೊಂಡ್ರಾ?”

“ನೀನು ಉಜ್ಜದೇ ಇದ್ದಿದ್ರೆ ನನ್ನನ್ನೇ ಇಟ್ಕೊಳ್ಳೋರು.”

“ಕೊಳಕು ಶೂ ಹಾಕ್ಕೊಂಡು ನಮ್ಮನೆ ಹುಡುಗಿ ಪೇಟೆಯವರ ಮುಂದೆ ನಿಲ್ಲೋದಾ? ನಾನು ಸತ್ತ ಮೇಲೆ ನಿಂತ್ಕೊ!”

ಇಟೆನ್ ಬಂತು. ಬೆಳಗಿನ ಮಳೆಗೆ ನಿಲ್ದಾಣವೆಲ್ಲ ಕೆಂಪು ರಾಡಿಯಾಗಿತ್ತು. ಅತ್ತೆ ಲಂಗ ಎತ್ತಿ ಹಿಡಿದು ಮೊದಲು ಇಳಿದಳು.

“ಇಳಿಯೇ. ನಿನ್ನ ಫ್ಯಾಷನ್ನು ಇಲ್ಲಿ ಪುಕ್ಕಟೆ ಬಿದ್ದಿದೆ, ಬೇಕಾದಷ್ಟು ಮೆತ್ಕೊ!”

ಜೆಲಗಟ್ ಅವಳನ್ನು ಕಣ್ಣಲ್ಲೇ ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಎರಡೂ ಶೂ ಬಿಚ್ಚಿ ಎದೆಗವಚಿಕೊಂಡು, ಬರಿಗಾಲಲ್ಲಿ ಕೆಸರಿಗಿಳಿದಳು.