ಡಬ್ಬಿಗೆ ಆಡಿದ ಮಾತು

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಗೆ ತಗಡಿನ ಮಾಡು. ಅದರ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿದ್ದುದರಿಂದ ಒಳಗೆ ಕೂತವರು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗಿತ್ತು. ಕೂತವರು ಬಹಳ ಜನರೇನಲ್ಲ. ಆಸ್ಪತ್ರೆಯ ನರ್ಸು, ಮನೆಗಳಿಗೆ ಬಣ್ಣ ಬಳಿಯುವ ಪೇಂಟರು, ಇಬ್ಬರೇ. ಚಿಕ್ಕಮ್ಮ ಇವರಿಗೆ ನೆಂಟಳೂ ಅಲ್ಲ, ಬಳಗವೂ ಅಲ್ಲ. ಆ ಬೀದಿಗೆಲ್ಲ ಅವಳು ಚಿಕ್ಕಮ್ಮ, ಅಷ್ಟೆ. ತಲೆ ಪೂರ್ತಿ ಬೆಳ್ಳಗಾದ ಮೇಲೂ ದಪ್ಪ ಕನ್ನಡಕ ಏರಿಸಿಕೊಂಡು ಸಾಸಿವೆ ಕಾಳಿನಷ್ಟು ಜಾಗದಲ್ಲಿ ಬೆಸುಗೆ ಹಾಕುತ್ತಿದ್ದಳು. ಬಿಡಿಭಾಗಗಳ ಚೀಲ ತರಿಸಿಕೊಂಡು, ಒಂದೊಂದನ್ನೇ ಬೋರ್ಡಿನ ಮೇಲೆ ಕೂರಿಸಿ, ತಾವೇ ಕಟ್ಟಿದ ರೇಡಿಯೋದಲ್ಲಿ ಕಾಣದ ಊರಿನವರ ಜೊತೆ ಮಾತಾಡುವ ಹುಚ್ಚು ಯಾರಿಗೆ ಹತ್ತುತ್ತದೋ, ಅವರೆಲ್ಲ ರಜೆಯ ದಿನ ಅವಳ ಮನೆಯ ದಾರಿ ಹಿಡಿಯುತ್ತಿದ್ದರು.

ನರ್ಸಿನ ಕಿಟ್ಟು ಅವತ್ತು ಮುಗಿದಿತ್ತು. ಎಷ್ಟೋ ವಾರ ರಾತ್ರಿ ಪಾಳಿ ಮುಗಿಸಿ ಬಂದು, ಕಣ್ಣುಜ್ಜಿಕೊಳ್ಳುತ್ತ ಕಟ್ಟಿದ ಸೆಟ್ಟು ಅದು. ಆದರೆ ಹೊರಗೆ ಮಿಂಚುತ್ತಿತ್ತು. ಮಿಂಚಿರುವಾಗ ಆಂಟೆನಾ ಸಿಕ್ಕಿಸಿದರೆ ಸಿಡಿಲನ್ನು ಮನೆಗೆ ಕರೆದ ಹಾಗೆ. ಆದ್ದರಿಂದ ಚಿಕ್ಕಮ್ಮ ಆಂಟೆನಾದ ತಂತಿಯನ್ನು ಬಿಚ್ಚಿ ಕಿಟಕಿಯಾಚೆ ಎಸೆದು, ಅದರ ಜಾಗಕ್ಕೆ ಡಮ್ಮಿ ಲೋಡ್ ಜೋಡಿಸಿದಳು. ಹೆಸರೇನೋ ದೊಡ್ಡದು, ವಸ್ತು ಮಾತ್ರ ಹಳೆಯ ಬಣ್ಣದ ಡಬ್ಬಿ. ಡಬ್ಬಿಯ ತುಂಬ ಎಣ್ಣೆ, ಎಣ್ಣೆಯೊಳಗೆ ಮುಳುಗಿದ ಒಂದು ಗಟ್ಟಿ ರೆಸಿಸ್ಟರು. ಮೈಕಿನಲ್ಲಿ ಏನೇ ಮಾತಾಡಿದರೂ ಅದು ಗಾಳಿಗೆ ಹೋಗದೆ ಡಬ್ಬಿಯೊಳಗೇ ಬಿಸಿಯಾಗಿ ಇಂಗಿಹೋಗುತ್ತದೆ. ಡಬ್ಬಿ ಬೆಚ್ಚಗಾಯಿತೆಂದರೆ ಸೆಟ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ.

ಪೇಂಟರು ಸುಮ್ಮನೆ ಕೂರುವ ಪೈಕಿಯಲ್ಲ. ಮೈಕನ್ನು ಕಿತ್ತುಕೊಂಡು ಗುಂಡಿ ಒತ್ತಿ, ಮೇಲಿನ ಲೋಕದವರು ಕೆಳಗಿನ ಲೋಕದವರು ಯಾರಿದ್ದರೂ ಸರಿ, ನಮ್ಮ ನರ್ಸಮ್ಮ ಕಳಿಸಿದವರು ಅಲ್ಲಿ ಸುಖವಾಗಿದ್ದಾರೋ ತಿಳಿಸಿ ಎಂದು ಶುರು ಹಚ್ಚಿಕೊಂಡ. ನರ್ಸು ನಗುತ್ತ ಅವನ ಬೆನ್ನಿಗೊಂದು ಗುದ್ದಿದಳು. ಮಾತು ಮುಗಿಸಿ ಅವನು ‘ಓವರ್’ ಅನ್ನಬೇಕು, ಅಷ್ಟರಲ್ಲಿ ಚಿಕ್ಕಮ್ಮ ಮೈಕಿನ ತಂತಿಯನ್ನು ಎಳೆದೇ ಬಿಟ್ಟಳು. ಎಳೆದ ರಭಸಕ್ಕೆ ಸೆಟ್ಟು ಮೇಜಿನ ಅಂಚಿನವರೆಗೆ ಜಾರಿತು.

“ಯಾಕೆ ಚಿಕ್ಕಮ್ಮ? ಡಬ್ಬಿಗೆ ಹೇಳಿದ್ದು ಯಾರಿಗೆ ಕೇಳಿಸುತ್ತೆ?”

“ನಮ್ಮ ಭಾವನೂ ಹಂಗೇ ಅಂದ್ಕೊಂಡಿದ್ರು.”

ಅವಳ ಮುಖದಲ್ಲಿ ನಗು ಇರಲಿಲ್ಲ. ನರ್ಸು ಸೆಟ್ಟನ್ನು ಮೆಲ್ಲಗೆ ಒಳಕ್ಕೆ ಸರಿಸಿದಳು. ಚಿಕ್ಕಮ್ಮ ಸ್ಟೂಲನ್ನು ದೀಪದ ಹತ್ತಿರಕ್ಕೆಳೆದು, ಸೆರಗನ್ನು ಹೆಗಲ ತುಂಬ ಹೊದ್ದು ಕೂತಳು.

“ಹೆಂಗೂ ಮಳೆ ಬಿಡೋ ಹಂಗೆ ಕಾಣಲ್ಲ. ಕೂತ್ಕೊಳ್ಳಿ, ಹೇಳ್ತೀನಿ... ನಂಬ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು. ನಮ್ಮ ಭಾವ ಅಂದ್ರೆ ನಮ್ಮ ಅಕ್ಕನ ಗಂಡ, ಬಟ್ಟೆ ಹೊಲಿಯೋ ಕೆಲಸ. ನಾನು ಅವರ ಮನೇಲೇ ಇದ್ದು ಗುಂಡಿ ಕಾಜಾ ನೋಡ್ಕೋತಿದ್ದೆ. ಹಗಲೆಲ್ಲ ಮಿಷಿನ್ ಮುಂದೆ, ಸಂಜೆಯಾದ್ರೆ ರೇಡಿಯೋ ಮುಂದೆ. ಅಕ್ಕ ತಮಾಷೆ ಮಾಡೋಳು, ನನಗೆ ಸವತಿ ಇಬ್ಬರು, ಒಬ್ಬಳು ಗಡಗಡ ಅಂತಾಳೆ, ಇನ್ನೊಬ್ಬಳು ಗೊರಗೊರ ಅಂತಾಳೆ ಅಂತ. ಅವರಿಗೊಬ್ಬ ಜೀವದ ಗೆಳೆಯ, ಬಡಗಿ, ಗುಡ್ಡದ ಆಚೆ ಕಡೆಯೋನು. ಇಬ್ಬರೂ ರೇಡಿಯೋದಲ್ಲೇ ಗಂಟು ಬಿದ್ದೋರು. ಸಂಜೆ ಆಯ್ತು ಅಂದ್ರೆ ಭಾವ ಅವನನ್ನ ಕರೀಬೇಕು, ಅವನು ಓಗೊಡಬೇಕು. ಒಂದು ದಿನ ತಪ್ಪಿದ್ರೂ ಇಬ್ಬರಿಗೂ ಊಟ ಸೇರ್ತಿರಲಿಲ್ಲ...”

ಇಬ್ಬರೂ ಒಂದೇ ಬಗೆಯ ಎರಡು ಕಿಟ್ಟು ತರಿಸಿದ್ದರಂತೆ. ಎರಡಕ್ಕೂ ಮರದ ಪೆಟ್ಟಿಗೆ ಮಾಡುವುದು ಬಡಗಿಯ ಪಾಲು. ಭಾವನ ಸೆಟ್ಟು ಮುಗಿಯಿತು. ಬಡಗಿಯದು ಮುಗಿಯುವುದರೊಳಗೆ ಅವನೇ ಮುಗಿದುಹೋದ. ಯಾರದೋ ಮನೆಯ ಮಾಡು ಏರಿಸುವಾಗ ತೊಲೆಯ ಮೇಲಿಂದ ಕಾಲು ಜಾರಿತು. ಮೂರು ಊರಿನ ಮರಗೆಲಸ ಕಂಡ ಕಾಲು, ಅವತ್ತು ಜಾರಿತು. ಎಷ್ಟೋ ದಿನದ ಮೇಲೆ ಅವನ ಹೆಂಡತಿ ಆ ಅರೆಬರೆ ಸೆಟ್ಟನ್ನು ಚೀಲದಲ್ಲಿ ತಂದು, ಮನೆಯಲ್ಲಿ ಇದನ್ನು ನೋಡುತ್ತ ಇರಲಾರೆ, ನೀವೇ ಇಟ್ಟುಕೊಳ್ಳಿ ಎಂದು ಭಾವನ ಕೈಗೆ ಕೊಟ್ಟು ಹೋದಳು.

ಭಾವ ಅದನ್ನು ಪೂರ್ತಿ ಮಾಡಿದ. ಎಲ್ಲ ಸರಿ ಕಂಡರೂ ಡಬ್ಬಿ ಬೆಚ್ಚಗಾಗಲೊಲ್ಲದು. ಬ್ಯಾಟರಿಯಿಂದ ಹಿಡಿದು ಒಂದೊಂದೇ ಹಂತ ಅಳೆಯುತ್ತ ಬಂದು, ಕಡೆಗೆ ಒಂದು ಕಾಯಿಲಿನ ಕಾಲಿನಲ್ಲಿ ಕಳ್ಳನನ್ನು ಹಿಡಿದ. ಕಾಯಿಲಿಗೆ ಸುತ್ತುವ ತಂತಿಯ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಇರುತ್ತದೆ. ಅದನ್ನು ಕೆರೆಯದೆ ಬೆಸುಗೆ ಹಾಕಿದರೆ ಮೇಲಕ್ಕೆ ಹೊಳೆಯುತ್ತದೆ, ಒಳಗೆ ಹಿಡಿದಿರುವುದಿಲ್ಲ. ಬಡಗಿ ಕೆರೆದಿರಲಿಲ್ಲ. ಹಲಗೆಯಾದರೆ ಕನ್ನಡಿಯ ಹಾಗೆ ಹೆರೆಯುವವನಿಗೆ ತಂತಿ ಕೆರೆಯಲು ಸೋಮಾರಿತನ ಎಂದು ಭಾವ ಒಬ್ಬನೇ ಬೈದುಕೊಂಡು, ನಕ್ಕು, ಆಮೇಲೆ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡದ್ದನ್ನು ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಕೆರೆದು ಬೆಸೆದ. ಡಬ್ಬಿ ಬೆಚ್ಚಗಾಯಿತು.

“ಈಗ ನೋಡಿ, ಎಡವಟ್ಟಾಗಿದ್ದು ಇಲ್ಲೇ. ಡಬ್ಬಿಗೆ ಮಾತಾಡೋವಾಗ ಏನು ಹೇಳಬೇಕು? ಒಂದು, ಎರಡು, ಮೂರು... ಎಣಿಸಬೇಕು, ಬಿಡಬೇಕು. ಯಾರನ್ನೂ ಕರೀಬಾರದು. ಭಾವನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೆ ಹೊತ್ತು ಸಂಜೆ, ಕೈಯಲ್ಲಿ ಮೈಕು, ಮನಸ್ಸಲ್ಲಿ ಖುಷಿ... ವರ್ಷಗಟ್ಟಲೆ ರೂಢಿಯಾದ ಬಾಯಿ ತಾನಾಗೇ ಬಡಗೀನ ಕರೀತು. ಡಬ್ಬಿ ಬೆಚ್ಚಗಾಯ್ತು ಕಣೋ ಬಡಗಿ, ಹೆಂಗೆ ಕೇಳಿಸ್ತಾ ಇದೀನಿ, ಓವರ್... ಅಂದುಬಿಟ್ರು. ಓವರ್ ಅಂದ್ರೆ ಏನು? ನನ್ನ ಮಾತಾಯ್ತು, ಈಗ ನಿನ್ನ ಸರದಿ ಅಂತ. ಆಮೇಲೆ ಗುಂಡಿ ಬಿಟ್ರು.”

ಚಿಕ್ಕಮ್ಮ ಕೈಚಾಚಿ ದೀಪದ ಬತ್ತಿಯನ್ನು ಏರಿಸಿದಳು.

“ಬಂತು. ನಾನೂ ಕೇಳಿಸ್ಕೊಂಡೆ. ಹತ್ತು ಕಂಬಳಿ ಹೊದ್ದು ಒಳಗಿಂದ ಮಾತಾಡಿದ ಹಂಗೆ... ‘ದರ್ಜೀ, ಸಣ್ಣಗೆ ಕೇಳಿಸ್ತಾ ಇದೀಯ. ಓವರ್.’ ನಾನು ಡಬ್ಬಿ ಮುಟ್ಟಿ ನೋಡಿದೆ. ಈಗಷ್ಟೇ ಬೆಚ್ಚಗಿದ್ದಿದ್ದು ಬಾವಿ ಕಲ್ಲಿನ ಹಂಗೆ ತಣ್ಣಗಾಗಿ, ಮೈಯೆಲ್ಲ ನೀರು ಬಿಟ್ಟಿತ್ತು.”

ನರ್ಸಿಗೆ ಸತ್ತವರ ಭಯ ಇರಲಿಲ್ಲ. ಸತ್ತವರು ತೆಪ್ಪಗಿರುತ್ತಾರೆ, ಕಾಟ ಕೊಡುವವರು ಬದುಕಿರುವವರೇ ಎಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ಆದರೂ ಡಬ್ಬಿಯ ಕಡೆ ಚಾಚಿದ್ದ ಕೈಯನ್ನು ಗೊತ್ತಿಲ್ಲದೆಯೇ ಹಿಂದಕ್ಕೆ ಎಳೆದುಕೊಂಡಳು.

ಮೊದಮೊದಲು ಭಾವನ ಸಂತೋಷ ಹೇಳತೀರದಂತೆ. ಪ್ರತಿ ಸಂಜೆ ಬಾಗಿಲು ಹಾಕಿಕೊಂಡು ಕೂರುವುದು, ಡಬ್ಬಿಗೆ ಮಾತಾಡುವುದು. ಆಡುತ್ತಿದ್ದುದೂ ಹೊಸದೇನಲ್ಲ, ಯಾವ ಮರ ಹುಳ ಹಿಡಿಯುವುದಿಲ್ಲ, ಯಾವ ಬಟ್ಟೆ ಬಣ್ಣ ಬಿಡುವುದಿಲ್ಲ, ಇಂಥವೇ. ದಿನದಿಂದ ದಿನಕ್ಕೆ ಬಡಗಿಯ ದನಿ ಗಟ್ಟಿಯಾಗುತ್ತ ಬಂತು. ಕಂಬಳಿಯೊಳಗಿನಿಂದ ಬಂದಂತಿದ್ದುದು ಬೀದಿಯಾಚೆಯಿಂದ ಬಂದಂತಾಯಿತು, ಆಮೇಲೆ ಜಗಲಿಯಿಂದ. ಇತ್ತ ಭಾವ ಕರಗತೊಡಗಿದ. ತಟ್ಟೆಯ ಮುಂದೆ ಕೂತರೆ ಕೂತೇ ಇರುವನು. ಒಬ್ಬರ ಕೋಟಿಗೆ ಎರಡೂ ಎಡಗೈ ತೋಳು ಹಚ್ಚಿಬಿಟ್ಟ. ಹೊಲಿಯುವಾಗ ಸೂಜಿ ಬೆರಳಿಗೆ ಹೊಕ್ಕರೂ ಗೊತ್ತಾಗುತ್ತಿರಲಿಲ್ಲ, ರಕ್ತವೂ ಬರುತ್ತಿರಲಿಲ್ಲ. ಅಕ್ಕ ವೈದ್ಯರಿಗೆ ತೋರಿಸಿದಳು, ಟಾನಿಕ್ಕು ಕುಡಿಸಿದಳು, ಜಗಳ ಆಡಿದಳು, ಅತ್ತಳು. ಒಂದು ಸಂಜೆ ಭಾವ, ಇವತ್ತು ಬಡಗಿ ನನ್ನ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿದ ಕಣೇ ಎಂದು ಹಿಗ್ಗಿ ಹೇಳಿದಾಗ, ಅಕ್ಕ ಒಂದು ಮಾತು ಕೇಳಿದಳು. ಆ ಮಾತನ್ನು ಚಿಕ್ಕಮ್ಮ ಅಕ್ಕನ ದನಿಯಲ್ಲೇ ಹೇಳಿದಳು.

“ದನಿ ಗಟ್ಟಿಯಾಗ್ತಾ ಇದೆ ಅಂದ್ರೆ ದೂರ ಕಮ್ಮಿಯಾಗ್ತಾ ಇದೆ ಅಂತ ತಾನೇ ಅರ್ಥ? ಅವನು ಇತ್ತ ಬರ್ತಾ ಇದಾನೋ, ನೀವು ಅತ್ತ ಹೋಗ್ತಾ ಇದೀರೋ... ಅದನ್ನ ಹೇಳಿ ನನಗೆ.”

ಮರುದಿನ ಸಂಜೆ ಅಕ್ಕ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಕರೆದವರು ನೀವು, ನೀವೇ ಮುಗಿಸಿ, ಇಲ್ಲವಾದರೆ ನನ್ನನ್ನು ಮರೆತುಬಿಡಿ ಎಂದಳು. ಭಾವ ತಲೆ ತಗ್ಗಿಸಿ, ಇನ್ನು ಮುಗಿಸೋಣ ಬಡಗಿ, ನೀನು ಇಲ್ಲದವನು, ನಾನು ಮನೆಯವನು ಎಂದ. ಬಡಗಿ ಕೊಟ್ಟ ಉತ್ತರವನ್ನು ಅಕ್ಕತಂಗಿಯರಿಬ್ಬರೂ ಕಿವಿಯಾರೆ ಕೇಳಿದರು.

“‘ಮುಗಿಸಬೇಡ ಕಣೋ. ಇಲ್ಲಿ ನಾನೊಬ್ಬನೇ ಅಲ್ಲ. ನೀನು ಕರೆದಿದ್ದು ಎಲ್ಲರಿಗೂ ಕೇಳಿಸಿದೆ. ನಾವಿಬ್ಬರು ಮಾತಾಡ್ತಾ ಇರೋ ತನಕ ಅವರು ಬಾಯಿ ಹಾಕಲ್ಲ. ಅತ್ತಿಗೆಗೂ ಹೇಳು. ಓವರ್.’ ...ರೇಡಿಯೋದೋರ ಪದ್ಧತಿ ನಿಮಗೆ ಗೊತ್ತಲ್ಲ. ಇಬ್ಬರು ಮಾತಾಡೋವಾಗ ಮೂರನೆಯೋನು ಕಾಯ್ತಾನೆ. ಅವರು ಮುಗಿಸಿದ್ರು ಅಂದ ತಕ್ಷಣ ಕರೀತಾನೆ. ಬದುಕಿರೋರಲ್ಲಿ ಅದು ಮರ್ಯಾದೆ. ಸತ್ತೋರಲ್ಲೂ ಇದೆ ಅಂತ ಯಾರಿಗೆ ಗೊತ್ತಿತ್ತು?”

ಅಕ್ಕ ನಂಬಲಿಲ್ಲ. ಗಂಡನನ್ನು ಹಿಡಿದಿಡಲು ಸತ್ತವನು ಹೂಡಿದ ಆಟ ಅದು ಎಂದು ಹಟ ಹಿಡಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು ಎಂದು ನರ್ಸಿಗೆ ಅನ್ನಿಸಿತು. ಭಾವ ಹೆಂಡತಿಯ ಮುಖ ನೋಡಿದ, ಹೋಗಿ ಬಾ ಬಡಗಿ ಎಂದ, ಮುಗಿಸಿದ.

“ಒಂದು ಗಳಿಗೆ ಎಲ್ಲ ಸ್ತಬ್ಧ. ಅಕ್ಕ ಉಸಿರು ಬಿಟ್ಟಳು. ಆಮೇಲೆ... ಒಂದು ಗಂಡು ದನಿ, ಭಾವನ ಹೆಸರು ಹಿಡಿದು ಕರೀತು. ಕರೆದು, ಓವರ್ ಅಂತು. ಆಮೇಲೊಂದು ಹೆಂಗಸಿಂದು. ಆಮೇಲೆ ಹಲ್ಲಿಲ್ಲದ ಮುದುಕಂದು. ಒಬ್ಬರಾದ ಮೇಲೊಬ್ಬರು, ಸಾಲಾಗಿ ನಿಂತ ಹಂಗೆ. ಗದ್ದಲ ಇಲ್ಲ, ಅವಸರ ಇಲ್ಲ, ಎಷ್ಟು ಮರ್ಯಾದೆಯಿಂದ ಅಂತೀರಾ... ನಾನು ಓಡಿಹೋಗಿ ಬ್ಯಾಟರಿ ತಂತಿ ಕಿತ್ತೆ. ನಿಲ್ಲಲಿಲ್ಲ. ಡಬ್ಬಿ ಕಿತ್ತೆ. ನಿಲ್ಲಲಿಲ್ಲ. ಇನ್ನೇನು ಕೀಳ್ತೀರಿ? ಆಗ ಒಂದು ದನಿ ಭಾವನ ಬಿಟ್ಟು ಅಕ್ಕನ ಕರೀತು. ನಮ್ಮ ಅಮ್ಮನ ದನಿ. ನನ್ನನ್ನ ಹೆತ್ತ ಮೂರನೇ ದಿನಕ್ಕೆ ಹೋದೋಳು, ನಾನು ಆ ದನೀನ ಅವತ್ತೇ ಮೊದಲು ಕೇಳಿದ್ದು. ಅಕ್ಕನ ಮುಖ ನೋಡಿ ಗೊತ್ತಾಯ್ತು, ಅಮ್ಮ ಅಂತ.”

ಅಕ್ಕನ ಕೈ ಮೈಕಿನ ಮೇಲಿತ್ತು. ಬೆರಳು ಗುಂಡಿಯ ಮೇಲಿತ್ತು. ಹೆತ್ತವಳು ಕರೆದರೆ ಓಗೊಡದೆ ಇರುವ ಮಗಳು ಎಲ್ಲಿದ್ದಾಳೆ? ಭಾವ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೈಕು ತೆಗೆದುಕೊಂಡು, ಅಷ್ಟೂ ದನಿಗಳ ಮೇಲೆ ತನ್ನ ದನಿ ಏರಿಸಿ ಬಡಗಿಯನ್ನು ಕರೆದ. ಬಡಗಿ ಓಗೊಟ್ಟ. ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ನೀನು ಹೋಗಿ ಮಲಗು, ನಮ್ಮ ಮಾತು ಇನ್ನೂ ಇದೆ ಎಂದು ಭಾವ ಅಕ್ಕನಿಗೆ ಮೆತ್ತಗೆ ಹೇಳಿದ.

ಆಮೇಲೆ ಅವನು ಆ ಕುರ್ಚಿ ಬಿಟ್ಟು ಏಳಲಿಲ್ಲವೆಂದೇ ಹೇಳಬೇಕು. ಅಕ್ಕ ಅಲ್ಲೇ ತುತ್ತು ಮಾಡಿ ತಿನ್ನಿಸುವಳು, ಅಲ್ಲೇ ಕಾಲಿಗೆ ಕಂಬಳಿ ಹೊದಿಸುವಳು. ಸಾಯಲಿ ಬಿಡಿ ಅವರೆಲ್ಲ, ಬನ್ನಿ ಎಂದು ಕೇಳಲು ಅವಳಿಗಿನ್ನು ಬಾಯಿ ಇರಲಿಲ್ಲ; ತನಗಾಗಿಯೇ ಅವನು ಅಲ್ಲಿ ಕೂತಿದ್ದಾನೆಂದು ಗೊತ್ತಿತ್ತು. ಮುಂದಿನ ಮಳೆಗಾಲ ಬರುವುದರೊಳಗೆ ಒಂದು ಸಂಜೆ ಅವಳು ದೀಪ ತಂದಾಗ ಭಾವ ಮೈಕು ಹಿಡಿದ ಹಾಗೇ ತಣ್ಣಗಾಗಿದ್ದ. ಸ್ಪೀಕರಿನಲ್ಲಿ ಮಾತ್ರ ಮಾತು ನಡೆದೇ ಇತ್ತು. ಇಬ್ಬರು ಗಂಡಸರು, ಹುಳ ಹಿಡಿಯದ ಮರದ ಬಗ್ಗೆ.

“ಅಕ್ಕ ಎಷ್ಟೋ ವರ್ಷ ಆ ಸ್ಪೀಕರಿನ ಮುಂದೆ ಕೂತು ಗಂಡನ ದನಿ ಕೇಳಿದಳು. ಒಂದು ದಿನಾನೂ ಗುಂಡಿ ಒತ್ತಲಿಲ್ಲ. ಅದೆಂಥಾ ಗಟ್ಟಿ ಜೀವ ಅಂತೀನಿ... ಅವಳೂ ಹೋದಳು. ಸೆಟ್ಟು ಆಚೆ ಕೋಣೇಲಿದೆ. ಆ ಇಬ್ಬರ ಮಾತು ಕೇಳಿಸ್ತಾ ಇದೆ ಅಂದ್ರೆ ನಮಗೆಲ್ಲ ಕ್ಷೇಮ ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ.”

“ಮಾಡ್ತಿದ್ದೆ ಅಂದ್ರೆ?” ನರ್ಸು ಕೇಳಿದಳು. “ಈಗ ಇಲ್ವಾ?”

ಚಿಕ್ಕಮ್ಮ ದೀಪದ ಕುಡಿಯನ್ನೇ ನೋಡುತ್ತಿದ್ದಳು.

“ಹೋದ ಮಳೆಗಾಲದಿಂದ ಬಡಗಿ ದನಿ ಸವೀತಾ ಬಂತು. ಈ ಮಳೆ ಹಿಡಿದಾಗಿನಿಂದ ಕೇಳಿಸೋದೇ ಇಲ್ಲ. ಭಾವ ಒಬ್ಬರೇ ಕರೀತಾ ಇದಾರೆ. ಮಾತು ನಿಂತ್ರೆ ಮಿಕ್ಕೋರು ಬಾಯಿ ಹಾಕ್ತಾರೆ, ಅದಕ್ಕೆ ಓಗೊಡೋಕೆ ಅವರಿಗೊಂದು ಜೊತೆ ಬೇಕು. ಇಷ್ಟು ವರ್ಷದಲ್ಲಿ ನನ್ನ ಹೆಸರು ಎತ್ತಿದೋರಲ್ಲ, ಈಗ ಎತ್ತುತಾರೆ. ನಾನೂ ಹಣ್ಣು ಹಣ್ಣು ಮುದುಕಿ, ಎಷ್ಟು ದಿನ ಕೂತೇನು? ಅದು ಅವರಿಗೂ ಗೊತ್ತು ಕಣಮ್ಮ. ಅದಕ್ಕೇ ನಿನ್ನೆ ಸಂಜೆ ಕೇಳಿದ್ರು... ನಿನ್ನ ಹತ್ರ ಕೆಲಸ ಕಲೀತಾ ಇರೋರು ಯಾರು, ಹೆಸರೇನು ಅಂತ. ಕೇಳಿ, ಓವರ್ ಅಂದ್ರು.”

ಪೇಂಟರು ಎದ್ದು ನಿಂತಿದ್ದ. ಅವಳು ಅವನನ್ನೂ ನೋಡಿದಳು, ನರ್ಸನ್ನೂ ನೋಡಿದಳು.

“ನಾನಿನ್ನೂ ಉತ್ತರ ಕೊಟ್ಟಿಲ್ಲ.”