ಎಡಗಾಲಿನ ಬ್ರೇಕ್

ನಾನು, ಓಣಿಯಲ್ಲಿ ವೆಲ್ಡರ್ ಮನೆಯವಳು ಎಂದೇ ಗೊತ್ತಿರುವವಳು, ವಯಸ್ಸು 41 ವರ್ಷ, ಉದ್ಯೋಗ ಹೊಲಿಗೆ, ವಾಸ ವರ್ಕ್‌ಶಾಪಿನ ಹಿಂದಿನ ಓಣಿಯ ಕೊನೆ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ಹೇಳಿ ಬರೆಸುವುದೇನೆಂದರೆ,

ನನ್ನ ಗಂಡನದೊಂದು ಹಳೆಯ ವಿದೇಶಿ ಮೋಟಾರ್‌ಸೈಕಲ್ ಇದೆ. ಬಿಟ್ಟಿ ಕೊಟ್ಟರೂ ಯಾರೂ ಮೂಸಿ ನೋಡದ ಗಾಡಿ. ಹೊಗೆ ಕಾರುತ್ತದೆ, ಎಣ್ಣೆ ಸೋರುತ್ತದೆ. ಅವರಿಗೂ ಅವರ ಮೂವರು ಗೆಳೆಯರಿಗೂ ಅದೆಂದರೆ ಜೀವ. ಅದರಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಈಗಿನ ಗಾಡಿಗಳಲ್ಲಿ ಇದು ಉಲ್ಟಾ. ಕೈಬ್ರೇಕ್ ಹೆಸರಿಗಷ್ಟೇ ಇತ್ತು, ಅದನ್ನು ಹಿಡಿಯುವ ಅಭ್ಯಾಸವೇ ಅವರಿಗಿರಲಿಲ್ಲ. ಮೆಕ್ಯಾನಿಕ್ ಪೆಡಲ್ ಬದಲಿಸಿಕೊಡುತ್ತೇನೆಂದರೂ ಗೆಳೆಯರು ಬಿಡಲಿಲ್ಲ. ಕಂಪನಿಯಿಂದ ಬಂದ ಹಾಗೇ ಇರಬೇಕು, ಕೈ ಹಚ್ಚಿದರೆ ಅದು ಗಾಡಿಯೇ ಅಲ್ಲ ಎಂದರು. ಮದುವೆಯಾದಾಗಿನಿಂದ ನನ್ನ ಗಂಡ ಬೇರೆ ಗಾಡಿ ಮುಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ 8.30ಕ್ಕೆ ಅದು ಸ್ಟಾರ್ಟ್ ಆಗಲಿಲ್ಲ. ಒದ್ದು ಒದ್ದು ಅವರು ಬೆವತುಹೋದರು. ಹಾಳಾದ್ದನ್ನು ಗುಜರಿಗೆ ಹಾಕಿ ಎಂದೆ. "ಇವತ್ತು ಅದಕ್ಕೆ ಮುನಿಸು ಕಣೇ, ಸಂಜೆ ಬಂದು ರಮಿಸ್ತೀನಿ ಬಿಡು" ಎಂದು ನಕ್ಕರು. ನನ್ನನ್ನು ಬಟ್ಟೆ ಅಂಗಡಿಗೆ ಬಿಡಬೇಕಿತ್ತು. ಪಕ್ಕದ ಮನೆಯಲ್ಲಿರುವ ನನ್ನ ತಮ್ಮ ತನ್ನ ಹೊಸ ಬೈಕಿನ ಕೀ ಕೊಟ್ಟ. "ಭಾವ, ಬ್ರೇಕ್ ಬಲಗಾಲಿಗೆ, ನೆನಪಿರಲಿ" ಎಂದು ಎರಡು ಸಲ ಹೇಳಿದ. "ನಂಗೇ ಪಾಠ ಹೇಳ್ತೀಯೇನೋ" ಎಂದರು.

ನಾನು ಹಿಂದೆ ಕುಳಿತಿದ್ದೆ. ಗೋದಾಮಿನ ತಿರುವಿನಲ್ಲಿ ಸುಮಾರು ಮೂವತ್ತು ಅಡಿ ಮುಂದೆ ಲಾರಿಯೊಂದು ರಿವರ್ಸ್ ತೆಗೆದುಕೊಂಡು ರಸ್ತೆಗೆ ಬಂತು. "ರೀ, ಲಾರಿ" ಎಂದು ಕೂಗಿದೆ. ಅವರು ಎಡಗಾಲನ್ನು ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಗೇರ್ ಬದಲಾಯಿತೇ ಹೊರತು ಬೈಕ್ ನಿಲ್ಲಲಿಲ್ಲ. ಮತ್ತೆ ಅದೇ ಕಾಲನ್ನೇ ಒತ್ತಿದರು. ಬಲಗಾಲು ಅಲ್ಲಾಡಲಿಲ್ಲ. ಬೈಕ್ ಹೋಗಿ ಲಾರಿಯ ಹಿಂಬದಿಗೆ ಗುದ್ದಿತು. ನಾನು ಪಕ್ಕದ ಮರಳಿನ ರಾಶಿಗೆ ಬಿದ್ದು ಬಲಗೈ ಮುರಿದುಕೊಂಡು ಬದುಕಿದೆ. ಅವರು ಸ್ಥಳದಲ್ಲೇ ತೀರಿಕೊಂಡರು.

ಬ್ರೇಕ್ ಇಲ್ಲದ ಬೈಕ್ ಕೊಟ್ಟು ಮಗನನ್ನು ಕೊಂದ ಎಂದು ನನ್ನ ಅತ್ತೆ ನನ್ನ ತಮ್ಮನ ಮೇಲೆ ದೂರು ಕೊಟ್ಟಿದ್ದಾರೆ. ಹೆತ್ತ ಹೊಟ್ಟೆ, ಬೈಯಲಿ. ಆದರೆ ಬ್ರೇಕ್ ಸರಿಯಾಗಿಯೇ ಇತ್ತು, ಅದನ್ನು ಅವರು ಒತ್ತಲೇ ಇಲ್ಲ. ನಿನ್ನೆಯಿಂದ ಠಾಣೆಯ ಬೆಂಚಿನ ಮೇಲೆ ಕೂರಿಸಿರುವ ನನ್ನ ತಮ್ಮನನ್ನು ದಯಮಾಡಿ ಮನೆಗೆ ಕಳಿಸಬೇಕು.

ಇನ್ನೊಂದು ಮಾತು. ಅಂತ್ಯಕ್ರಿಯೆ ಮುಗಿದ ಸಂಜೆ ಆ ಮೂವರು ಗೆಳೆಯರು ಹಳೆ ಗಾಡಿಯ ಸುತ್ತ ನಿಂತಿದ್ದರು. "ಮಾರೋದಾದ್ರೆ ಬೇರೆಯವರಿಗೆ ಕೊಡಬೇಡಿ ಅತ್ತಿಗೆ, ಪೆಡಲ್ ಬದಲಿಸಿಬಿಡ್ತಾರೆ" ಎಂದು ಒಬ್ಬರು ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬರು ಅದನ್ನು ಸುಮ್ಮನೆ ಒಮ್ಮೆ ಒದ್ದರು. ಸ್ಟಾರ್ಟ್ ಆಯಿತು. ಆ ಸದ್ದಿಗೆ ಅತ್ತೆ, ಮಗ ಬಂದನೆಂದು, ಒಳಗಿನಿಂದ ಬಾಗಿಲಿಗೆ ಓಡಿಬಂದರು.

ಮೇಲಿನದೆಲ್ಲ ನಾನೇ ಕಂಡದ್ದು, ಕೇಳಿದ್ದು. ಓದಿಸಿ ಕೇಳಿದೆ, ಸರಿ ಇದೆ. ಬಲಗೈಗೆ ಪಟ್ಟಿ ಹಾಕಿರುವುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಠಾಣೆ
ದಿನ: ಗುರುವಾರ, ಬೆಳಿಗ್ಗೆ
(ಹೆಬ್ಬೆಟ್ಟಿನ ಗುರುತು)