ಪಳಗಿಸಿಕೊಟ್ಟ ಬೂಟು

ನೋಡಿ, ನೀವೆಲ್ಲ ಚಪ್ಪಲಿ, ಬೂಟು ಹೊರಗೆ ಬಿಟ್ಟು ಬಂದು ಕುಳಿತಿದ್ದೀರಿ. ಮೈ ಇಲ್ಲಿದೆ, ಅರ್ಧ ಜೀವ ಆ ಬಾಗಿಲ ಬಳಿಯೇ ಇದೆ. ಹೊಸದು ಕೊಂಡವರ ಜೀವವಂತೂ ಪೂರ್ತಿ ಅಲ್ಲೇ. ನಗಬೇಡಿ, ಯಾರು ಯಾರು ಹಿಂದಿರುಗಿ ನೋಡುತ್ತೀರಿ ಎಂಬುದು ಇಲ್ಲಿ ಕುಳಿತವನಿಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇವತ್ತು ಬೂಟಿನ ಮಾತನ್ನೇ ಹೇಳಿಬಿಡೋಣ. ಮಕ್ಕಳು ತಾಯಂದಿರ ಹತ್ತಿರ ಸರಿದು ಕುಳಿತುಕೊಳ್ಳಲಿ, ಕಥೆ ಸ್ವಲ್ಪ ಹೆದರಿಸುವಂಥದ್ದು.

ಒಂದು ವ್ಯಾಪಾರದ ಊರು, ಅಲ್ಲೊಬ್ಬ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ಯಾರಾದರೂ ‘ಇದು ನನಗೇ ಅಂದದ್ದು’ ಎಂದು ಮುಖ ಊದಿಸಿಕೊಂಡು ಹೋಗುತ್ತಾರೆ. ಆದರೆ ಅವನ ಮನೆಯಲ್ಲಿ ದುಡಿಯುತ್ತಿದ್ದವನ ಹೆಸರು ಹೇಳುತ್ತೇನೆ. ಅವನು ಗುರಸಿದ್ದ. ತಲೆ ನರೆತ ಮನುಷ್ಯ. ಬಲಗಾಲನ್ನು ಸ್ವಲ್ಪ ಹೊರಕ್ಕೆ ತಿರುವಿ, ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಿದ್ದ. ಒಂದು ಹೆಜ್ಜೆ ಟಕ್ ಎಂದರೆ ಇನ್ನೊಂದು ಸರ್ ಎನ್ನುವುದು.

ಸಾಹುಕಾರ ಕೆಟ್ಟವನೇನಲ್ಲ. ಧರ್ಮಕ್ಕೆ ಕೊಡುವವನು, ಕೈಮುಗಿದು ಮಾತಾಡುವವನು. ಆದರೆ ನೋಡಿ, ಅವನಿಗೆ ಯಾವುದೂ ಚುಚ್ಚಬಾರದು. ಯಾರಾದರೂ ಸತ್ತ ಮನೆಗೆ ಮಾತಾಡಿಸಲು ಹೋಗಬೇಕೇ? ಹೆಂಡತಿ ಹೋಗಿ ಬರಲಿ. ಭಾವಮೈದುನನ ಜೊತೆ ಜಗಳವೇ? ಗುಮಾಸ್ತ ಹೋಗಿ ಬೈಸಿಕೊಂಡು ಬರಲಿ. ಜಗಳ ಮುಗಿದು ಊಟಕ್ಕೆ ಎಲೆ ಹಾಕಿದ ಮೇಲೆ ಇವನು ನಗುನಗುತ್ತಾ ಹೋಗಿ ಕುಳಿತುಕೊಳ್ಳುವನು.

ಇಂಥವನಿಗೆ ಒಂದು ಆಸೆ ಹುಟ್ಟಿತು. ದಿನವೂ ಹಾಕಿಕೊಂಡು ಆರಾಮವಾಗಿ ಅಡ್ಡಾಡಲು ಕಾಲಿನ ಗಿಣ್ಣು ಮುಚ್ಚುವಂಥ ಒಂದು ಒಳ್ಳೆಯ ಚರ್ಮದ ಬೂಟು ಬೇಕು. ಅವನು ಅದನ್ನು ಆರಿಸಿದ ರೀತಿ ನೋಡಬೇಕಿತ್ತು ನೀವು. ಅಂಗಡಿಗೆ ಸಂಜೆಯೇ ಹೋಗುವನು. ಯಾಕೆ? ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ಆಗ ಬಿಗಿಯುತ್ತದೆ. ಮನೆಯಿಂದ ತನ್ನದೇ ಕಾಲುಚೀಲ ಒಯ್ಯುವನು. ಹೆಬ್ಬೆರಳಿನಿಂದ ಚರ್ಮ ಒತ್ತಿ ನೋಡುವನು, ಸಣ್ಣ ನೆರಿಗೆ ಎದ್ದು ಹಾಗೇ ಮಾಯವಾಗಬೇಕು. ಮೂಗಿಗೆ ಹಿಡಿಯುವನು, ಚರ್ಮದ ವಾಸನೆ ಬರಬೇಕು, ಬಣ್ಣದ್ದಲ್ಲ. ತಳ ತಿರುವಿ ನೋಡುವನು, ಹೊಲಿದಿರಬೇಕು, ಬರೀ ಅಂಟಿಸಿದ್ದು ಬೇಡ. ಹಾಕಿಕೊಂಡು ನಡೆದರೆ ಬೆರಳಿಗೆ ಜಾಗವಿರಬೇಕು, ಹಿಮ್ಮಡಿ ಜಾರಬಾರದು. ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಬದನೆಕಾಯಿಯನ್ನೂ ತಿರುವಿ ಮುರುವಿ ನೋಡಿ ಕೊಳ್ಳುವವರು ನೀವು, ಬೂಟನ್ನೂ ಹೀಗೇ ಕೊಳ್ಳಿ.

ಅಂಗಡಿಯವನು ಕೊನೆಗೆ ಕಂದುಬಣ್ಣದ ಒಂದು ಜೋಡಿಯನ್ನು ಮುಂದಿಟ್ಟ. ‘ಸಾವ್ಕಾರ್ರ, ಇದಕ್ಕಿಂತ ಚಲೋದು ನನ್ನ ಅಂಗಡ್ಯಾಗ ಇಲ್ರಿ. ಖರೆ, ದಪ್ಪ ತೊಗಲ ಐತಿ. ಮೊದಮೊದಲ ಕಾಲ ಕಚ್ಚತೈತಿ. ಆಮ್ಯಾಲ ಹಾಕ್ಕೊಂಡಾವ್ರ ಕಾಲಿನ ಹಂಗ ಆಗಿಬಿಡತೈತಿ.’

‘ಕಚ್ಚಲೇಳು, ನನ್ನ ಕಾಲ ಕಚ್ಚಂಗಿಲ್ಲ’ ಎಂದು ಸಾಹುಕಾರ ನಕ್ಕ.

ಯಾಕೆ ಕಚ್ಚುವುದಿಲ್ಲ? ಮನೆಗೆ ಬಂದವನೇ ಗುರಸಿದ್ದನನ್ನು ಕರೆದ. ‘ಸಿದ್ದಾ, ನಿನ್ನ ಕಾಲ ನನ್ನ ಅಳತೀದ ಐತಲ್ಲ? ಮುಂಜಾನಿಂದ ಸಂಜೀತನಕ ಇವನ್ನ ಹಾಕ್ಕೊಂಡ ಅಡ್ಡಾಡು. ಮೆತ್ತಗಾದ ಮ್ಯಾಲ ಕೊಡು.’

‘ಆಗಲ್ರಿ ಸಾವ್ಕಾರ್ರ’ ಎಂದ ಗುರಸಿದ್ದ. ಇನ್ನೇನು ಅಂದಾನು?

ಬೂಟು ಅವನ ಹಿಮ್ಮಡಿಯನ್ನು ಕಚ್ಚಿತು, ಕಿರುಬೆರಳನ್ನು ಕಚ್ಚಿತು. ಅವನು ಹರಳೆಣ್ಣೆ ಸವರಿ, ಹಳೆ ಸೀರೆಯ ಚೂರು ಸುತ್ತಿ ನಡೆದ. ಅದೇ ಹೊತ್ತಿಗೆ ಸಾಹುಕಾರನ ಒಬ್ಬಳೇ ಮಗಳಿಗೆ, ಇನ್ನೂ ಶಾಲೆಗೆ ಹೋಗದ ಕೂಸಿಗೆ, ಮೈತುಂಬ ದಡಾರ ಎದ್ದಿತು. ಜ್ವರದಲ್ಲಿ ಕೂಸಿಗೆ ಬೆಳಕೇ ಆಗದು. ಮಹಡಿಯ ಕೋಣೆಯ ಕಿಟಕಿ ಮುಚ್ಚಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ ಮಲಗಿಸಿದರು. ಹಗಲು ಹೊತ್ತಿನಲ್ಲೂ ಆ ಕೋಣೆ ಗವ್ ಎನ್ನುತ್ತಿತ್ತು.

ಹೆಂಡತಿ ಬಂದು ಹೇಳಿದಳು, ‘ಒಂದ ಗಳಿಗಿ ಮ್ಯಾಲ ಬಂದ ಕುಂದರ್ರಿ. ಅಪ್ಪಾ ಅಪ್ಪಾ ಅಂತ ಹಲಬತೈತಿ ಕೂಸು.’

‘ಅದು ಅಳೂದು ನನ್ನ ಕೈಲೆ ಕೇಳಾಕ ಆಗಂಗಿಲ್ಲ. ದೊಡ್ಡ ಡಾಕ್ಟರನ್ನ ಕರಸೇನಿ. ಸಿದ್ದನ್ನ ಕಳಸತೀನಿ ತಗೊ’ ಎಂದ ಸಾಹುಕಾರ. ಸುಳ್ಳಲ್ಲ, ಕೇಳಲಾಗುತ್ತಿರಲಿಲ್ಲ ಅವನಿಗೆ. ಪ್ರೀತಿ ಇರಲಿಲ್ಲವೇ? ಇತ್ತು. ಅಂಗಳದಲ್ಲಿ ನಿಂತು ‘ಹೆಂಗದಾಳ?’ ಎಂದು ದಿನವೂ ಕೂಗಿ ಕೇಳುತ್ತಿದ್ದ. ಉತ್ತರ ಬರುವುದರೊಳಗೆ ಹೊರಟುಬಿಡುತ್ತಿದ್ದ.

ಮೇಲೆ ಹೋಗಿ ಕುಳಿತವನು ಗುರಸಿದ್ದ. ಕಲ್ಲಿನ ಮೆಟ್ಟಿಲ ಮೇಲೆ ಟಕ್, ಸರ್, ಟಕ್, ಸರ್ ಎಂದು ಬೂಟು ಬರುವುದು. ಹೊಸ್ತಿಲಾಚೆ ನಿಲ್ಲುವುದು. ಅವನು ಬೂಟು ಬಿಚ್ಚಿ ಗೋಡೆಗೆ ಜೋಡಿಸಿಟ್ಟು, ಎಳನೀರು ಹಿಡಿದು ಒಳಗೆ ಬರುವನು. ಕಣ್ಣು ಕಟ್ಟಿಕೊಂಡು ಮಲಗಿದ ಕೂಸಿಗೆ ಲೋಕವೆಂದರೆ ಅದೊಂದೇ ಸಪ್ಪಳ. ಅದನ್ನು ಕೇಳಿದರೆ ಅಳು ನಿಲ್ಲುವುದು.

ಕೂಸಿನ ಜ್ವರ ಇಳಿಯತೊಡಗಿತು. ಬೂಟೂ ಮೆತ್ತಗಾಯಿತು. ಒಂದು ಬೆಳಿಗ್ಗೆ, ಗುರಸಿದ್ದ ಹಾಕಿಕೊಳ್ಳುವ ಮೊದಲೇ, ಸಾಹುಕಾರ ಬೂಟು ತರಿಸಿಕೊಂಡ. ‘ನಿನ್ನ ಕಾಲ ಭಾಳ ಹುಣ್ಣಾಗ್ಯಾವ. ಇವತ್ತ ಮನ್ಯಾಗ ಇರು’ ಎಂದು ಗುರಸಿದ್ದನಿಗೆ ದೊಡ್ಡ ಮನಸ್ಸು ಮಾಡಿ ರಜೆಯನ್ನೂ ಕೊಟ್ಟ. ಗುರಸಿದ್ದ ಬರಿಗಾಲಲ್ಲಿ ಕುಂಟುತ್ತಾ ತನ್ನ ಓಣಿಗೆ ಹೋದ.

ಸಾಹುಕಾರ ಬೂಟಿನೊಳಗೆ ಕಾಲಿಟ್ಟ. ಆಹಾ, ಬೆಣ್ಣೆ! ಎಲ್ಲೂ ಒತ್ತದು, ಎಲ್ಲೂ ಕಚ್ಚದು. ಆದರೆ ಒಳಗೆ ಬೆಚ್ಚಗಿತ್ತು. ರಾತ್ರಿಯೆಲ್ಲ ತಣ್ಣನೆಯ ಕಲ್ಲಿನ ಮೇಲಿದ್ದ ಬೂಟು, ಈಗಷ್ಟೇ ಯಾರೋ ಕಾಲು ತೆಗೆದ ಹಾಗೆ ಬೆಚ್ಚಗಿತ್ತು. ಇರಲಿ ಎಂದುಕೊಂಡು ಎದ್ದ. ಅಂಗಳಕ್ಕೆ ಆಗಷ್ಟೇ ನೀರು ಚಿಮುಕಿಸಿದ್ದರು. ದಾಟಿ ಬಂದು ಹಿಂದಿರುಗಿ ನೋಡಿದರೆ ಒದ್ದೆ ನೆಲದ ಮೇಲೆ ಒಂದು ಹೆಜ್ಜೆ ನೇರ, ಒಂದು ಹೆಜ್ಜೆ ಹೊರಕ್ಕೆ ತಿರುಗಿ ಉಜ್ಜಿತ್ತು. ಅವನ ಕಾಲು ನೆಟ್ಟಗಿತ್ತಲ್ಲ? ಮತ್ತೆ ಇದು ಯಾರ ಹೆಜ್ಜೆ? ಮಲಗಿದ್ದ ಮನೆಯ ನಾಯಿ ಬಾಲ ಅಲ್ಲಾಡಿಸುತ್ತಾ ಬಂತು, ಬೂಟು ಮೂಸಿತು, ತಲೆಯೆತ್ತಿ ಅವನ ಮುಖ ನೋಡಿ ಗುರ್ ಎಂದು ಹಿಂದೆ ಸರಿಯಿತು.

ಪೇಟೆಯಲ್ಲಿ ಹಿಂದಿನಿಂದ ಯಾರೋ ಕೂಗಿದರು, ‘ಏ ಸಿದ್ದಾ, ನಿಮ್ಮ ಸಾವ್ಕಾರ ಕೂಸಿನ ಮಾರಿ ನೋಡಿದ್ನೋ ಇನ್ನೂ ಇಲ್ಲೋ?’ ಇವನು ತಿರುಗಿದ. ಕೂಗಿದವನು ಇವನ ಮುಖ ಕಂಡು, ನಾಲಿಗೆ ಕಚ್ಚಿಕೊಂಡು ಗಲ್ಲಿಯೊಳಗೆ ನುಗ್ಗಿದ.

ಸಾಹುಕಾರ ಬಿರಬಿರನೆ ಮುಂದೆ ನಡೆದ. ತನ್ನ ಅಂಗಡಿಗೆ ಹೋಗೋಣವೆಂದು ಎಡಕ್ಕೆ ತಿರುಗಬೇಕು, ಕಾಲು ಬಲಕ್ಕೆ ತಿರುಗಿತು. ನಿಲ್ಲಿಸಿದ, ನಿಲ್ಲಲಿಲ್ಲ. ಟಕ್, ಸರ್, ಟಕ್, ಸರ್. ಎಳನೀರಿನ ಗಾಡಿಯ ಮುಂದೆ ಹೋಗಿ ನಿಂತಿತು. ಎಳನೀರಿನ ಮುದುಕಿ ತಲೆ ಎತ್ತದೆ ಕಾಯಿ ಕೆತ್ತಿ ಕೈಗಿಟ್ಟಳು.

‘ಕೂಸು ಹೆಂಗೈತೋ ಯಪ್ಪಾ? ನಿನ್ನಿ ಗಂಜಿ ಕುಡದಿತ್ತಂತಲ್ಲ, ಹೊಟ್ಟ್ಯಾಗ ನಿಂತಿತೇನು?’

ನಿಂತಿತೋ ಇಲ್ಲವೋ? ಸಾಹುಕಾರನಿಗೆ ಗೊತ್ತಿರಲಿಲ್ಲ. ಕೂಸು ಅವನದು, ಗಂಜಿ ಅವನ ಮನೆಯದು, ಗೊತ್ತಿದ್ದದ್ದು ಮಾತ್ರ ಬೀದಿಯ ಮುದುಕಿಗೆ! ಅಲ್ಲಿ, ಹಾಡುಹಗಲಲ್ಲಿ, ತುಂಬಿದ ಪೇಟೆಯ ನಡುವೆ ಅವನಿಗೆ ಮೊದಲ ಸಲ ಭಯವಾಯಿತು. ಬೂಟಿನ ಭಯವಲ್ಲ. ತನ್ನ ಮಗಳಿಗೆ ತಾನು ಯಾರೂ ಅಲ್ಲದೆ ಹೋದೆನೇನೋ ಎಂಬ ಭಯ. ಅವನು ಎಳನೀರು ಹಿಡಿದುಕೊಂಡೇ ಮನೆಯ ಕಡೆ ಓಡಿದ. ಈಗ ಕಾಲು ತಡೆಯಲಿಲ್ಲ, ದಾರಿ ಅದಕ್ಕೆ ಗೊತ್ತಿತ್ತು.

ಮೆಟ್ಟಿಲು ಹತ್ತಿದ. ಒಳಗಿಂದ ಸಣ್ಣ ದನಿ ಬಂತು, ‘ಸಿದ್ದೂ ಕಾಕಾ, ಬಂದ್ಯಾ?’ ಎಂಥ ಅಕ್ಕರೆಯ ದನಿ ಅದು! ಸಾಹುಕಾರ ಬೂಟನ್ನು ಹೊಸ್ತಿಲಾಚೆ ಕಳಚಿ ಎಸೆದು ಕತ್ತಲೆಯೊಳಗೆ ಕಾಲಿಟ್ಟ. ಹೆಂಡತಿ ಬೆನ್ನು ತಿರುಗಿಸಿ ಬಟ್ಟೆ ಹಿಂಡುತ್ತಿದ್ದಳು.

‘ಸಿದ್ದಣ್ಣಾ, ಎಳನೀರ ಅಲ್ಲೇ ಇಡು. ಅವರು ಇವತ್ತರ ಮ್ಯಾಲ ಬರ್ತಾರಂತೇನು?’

ಬಟ್ಟೆ ಹಿಂಡಿ ತಿರುಗಿದಳು. ಗಂಡನನ್ನು ನೋಡಿದಳು, ಸರಿದು ಜಾಗ ಬಿಟ್ಟಳು. ಕೂಸು ಕೈ ಚಾಚಿತು. ಸಾಹುಕಾರ ತನ್ನ ಕೈ ಕೊಟ್ಟ. ಇನ್ನೂ ಬೆಚ್ಚಗಿದ್ದ ಆ ಪುಟ್ಟ ಬೆರಳುಗಳು ಅವನ ಅಂಗೈ ತಡವಿದವು, ಉಂಗುರದ ಮೇಲೆ ಬಂದು ನಿಂತವು. ಕೂಸು ಸರ್ರನೆ ಕೈ ಎಳೆದುಕೊಂಡಿತು.

‘ಅವ್ವಾ, ಇಂವ ಯಾರ? ಕಾಕಾನ ಕಾಲ ಹಾಕ್ಕೊಂಡ ಬಂದಾನ!’

ಕಿರುಚಿತು, ನೋಡಿ, ಮನೆ ನಡುಗುವ ಹಾಗೆ. ಆಗಲೇ ಹೊಸ್ತಿಲಾಚೆ ಸಪ್ಪಳವಾಯಿತು. ಟಕ್, ಸರ್. ಟಕ್, ಸರ್. ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಕೂಸು ಕಿವಿಗೊಟ್ಟು ಕೇಳಿ ‘ಕಾಕಾ ಹೊಂಟ, ಕಾಕಾ ಹೊಂಟ’ ಎಂದು ಬಿಕ್ಕಿತು. ಸಾಹುಕಾರ ಹೊರಗೆ ಹಾರಿ ಬಂದ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಬೂಟೂ ಇಲ್ಲ. ಕೆಳಗೆ, ಸುಡುವ ಬಿಸಿಲಿನ ಅಂಗಳದಲ್ಲಿ, ತಲೆಬಾಗಿಲ ಹತ್ತಿರ ಆ ಜೋಡಿ ನಿಂತಿತ್ತು, ಮೂತಿ ಗುರಸಿದ್ದನ ಓಣಿಯ ಕಡೆಗೆ ಮಾಡಿ.

ಅಷ್ಟು ಆರಿಸಿ ತಂದ ಬೂಟು ಕೆಳಗೆ. ಅಳುವ ಮಗಳು ಮೇಲೆ. ಕೇಳಲಾಗದ ಅಳು ಅದು, ಕಿವಿಯಲ್ಲಿ ಸೂಜಿಯಾಡಿಸುವ ಅಳು. ಕಾಲು ಇಳಿದು ಓಡಬೇಕೆಂದಿತು. ಈ ಸಲ ಅದು ಅವನದೇ ಕಾಲು, ಅವನದೇ ಹಳೆಯ ಚಾಳಿ. ಸಾಹುಕಾರ ಗೋಡೆ ಹಿಡಿದು ನಿಂತ. ಆಮೇಲೆ ತಿರುಗಿ ಒಳಗೆ ಹೋಗಿ ಕೂಸಿನ ಪಕ್ಕ ನೆಲದ ಮೇಲೆ ಕುಳಿತ. ಕೂಸು ಒದೆಯಿತು, ಉಗುರಿನಿಂದ ಪರಚಿತು, ‘ಹೋಗು’ ಎಂದು ಅತ್ತಿತು. ಅವನೂ ಅತ್ತ, ಆದರೆ ಏಳಲಿಲ್ಲ. ಅತ್ತು ಅತ್ತು ಸೋತ ಮೇಲೆ ಕತ್ತಲೆಯಲ್ಲಿ ಅದು ಕೇಳಿತು.

‘ನೀ ಇನ್ನೂ ಇಲ್ಲೇ ಅದೀಯೇನ?’

‘ಅದೀನಿ.’

‘ಯಾರ ನೀ?’

ಊರಲ್ಲಿ ಅವನ ಹೆಸರು ಕೇಳಿದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಆದರೆ ಆ ಕೂಸಿನ ಮುಂದೆ ‘ನಾನು ನಿಮ್ಮಪ್ಪ’ ಎನ್ನಲು ಅವನ ನಾಲಿಗೆ ಏಳಲಿಲ್ಲ.

ಬೂಟು ತಾನಾಗಿ ನಡೆಯುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ನಾನು ನಿಮ್ಮನ್ನು ಕೇಳುತ್ತೇನೆ. ಸಂತೆಗೆ ಹೋದರೆ ಇಷ್ಟು ಜಾಣರಾದ ನೀವು ನಿಮ್ಮ ಮನೆಯಲ್ಲಿ ಯಾವುದನ್ನು ಪಳಗಿಸಲು ಇನ್ನೊಬ್ಬರ ಕಾಲಿಗೆ ಹಾಕಿದ್ದೀರಿ? ಹಾಸಿಗೆ ಹಿಡಿದ ತಂದೆಯ ಮೈ ಒರೆಸುವುದನ್ನು ಯಾರಿಗೆ ಬಿಟ್ಟಿದ್ದೀರಿ? ಸೊಸೆಗೋ, ಸಂಬಳದವಳಿಗೋ? ಮಗ ಪರೀಕ್ಷೆಯಲ್ಲಿ ಬಿದ್ದು ಅಳುವಾಗ ಎದುರಿಗೆ ಕೂರುವ ಕೆಲಸ ಯಾರದು? ಅವರಮ್ಮನದೇ? ಗೆದ್ದಾಗ ಪೇಡೆ ಹಂಚುವುದು ನಿಮ್ಮದೇ? ಯಾರು ಕಚ್ಚಿಸಿಕೊಂಡರೋ ಅದು ಅವರ ಪಾಲು, ಅಷ್ಟೇ. ಆಮೇಲೆ ಎಷ್ಟು ಹಕ್ಕು ಹೇಳಿದರೂ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ನಿಮಗೆ ಯಾವುದು ಹೆಚ್ಚು ಚುಚ್ಚುತ್ತದೋ ಆ ಒಂದು ಕೆಲಸವನ್ನು ಇಂದಿನಿಂದ ಇನ್ನೊಬ್ಬರ ಕೈಯಿಂದ ತೆಗೆದುಕೊಳ್ಳಿ. ಈವರೆಗೆ ಮಾಡಿದವರ ಹಿಮ್ಮಡಿ ನೋಡಿ, ಎಣ್ಣೆ ಹಚ್ಚಿ, ಅವರ ಹೆಸರು ಹಿಡಿದು ಮಾತಾಡಿಸಿ. ತಂದೆಯ ತಲೆ ನೀವೇ ಬಾಚಿ. ಮಗನ ಎದುರು ನೀವೇ ಕುಳಿತುಕೊಳ್ಳಿ. ಅವರು ಮುಖ ತಿರುಗಿಸುತ್ತಾರೆ, ಸಿಡುಕುತ್ತಾರೆ, ನಿಮ್ಮ ಕೈ ತಳ್ಳುತ್ತಾರೆ. ತಳ್ಳಲಿ. ಹೊಸ ಕೈ ಅದು, ಒತ್ತುತ್ತದೆ ಅವರಿಗೂ. ನೀವು ಮಾತ್ರ ಅಲ್ಲಿಂದ ಏಳಬೇಡಿ.